ರಕ್ತದ ಅರಿಸಮಾಸ

ವ್ಯಾಕರಣ ಪಾಠದಲ್ಲಿ ವಿದ್ಯಾರ್ಥಿಗಳಿಗೆ ತೂಕಡಿಕೆ ಬರುವುದು ಹೊಸ ಸಂಗತಿಯೇನೂ ಅಲ್ಲ. ಸುಮಾರು ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದಿರುವ ನನಗೆ ಅದು ರೂಢಿಯಾಗಿ ಹೋಗಿದೆ. ಮಧ್ಯಾಹ್ನದ ಊಟವಾದ ಮೇಲಿನ ಗಂಟೆಯಲ್ಲಿ ಕೇಶಿರಾಜನನ್ನು ಎದುರಿಸಿ ಕಣ್ಣು ತೆರೆದುಕೊಂಡಿರಬಲ್ಲ ಧೀರರು ಯಾವ ಕಾಲದಲ್ಲಿಯೂ ಬಹಳ ಮಂದಿ ಇದ್ದಿರಲಾರರು. ಆದರೂ ೨೦೨೩ರ ಆಷಾಢದ ಒಂದು ಮಧ್ಯಾಹ್ನ, ಅಂತಿಮ ಬಿ.ಎ. ತರಗತಿಗೆ ‘ಶಬ್ದಮಣಿದರ್ಪಣ’ದ ಸಮಾಸ ಪ್ರಕರಣವನ್ನು ವಿವರಿಸುತ್ತಿದ್ದಾಗ, ಮೂರನೆಯ ಸಾಲಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ಹುಡುಗನನ್ನು ಕಂಡು ನನಗೆ ಸಿಟ್ಟು ಬಂದಿತು.

ಅವನು ಮಂದ ವಿದ್ಯಾರ್ಥಿಯಾಗಿದ್ದರೆ ನಾನು ನೋಡಿಯೂ ನೋಡದವನಂತೆ ಇದ್ದುಬಿಡುತ್ತಿದ್ದೆನೋ ಏನೋ. ಗದುಗಿನ ಭಾರತವನ್ನು ರಾಗವಾಗಿ, ಅರ್ಥ ಕೆಡದಂತೆ ಪದವಿಭಾಗ ಮಾಡಿ ಓದಬಲ್ಲವನು ಆ ತರಗತಿಯಲ್ಲಿ ಅವನೊಬ್ಬನೇ. ಅಂಥವನು ಮಲಗಿದನೆಂಬುದೇ ನನ್ನ ಸಿಟ್ಟಿಗೆ ಕಾರಣ. “ಕುಂಭಕರ್ಣ ಮಹಾಶಯರು ಎದ್ದ ಮೇಲೆ ಪಾಠ ಮುಂದುವರಿಸೋಣ” ಎಂದೆ. ತರಗತಿ ನಕ್ಕಿತು. ಅವನು ಎದ್ದು ನಿಂತು ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಅದರ ಮೇಲೆ ಕೆಂಪು ಕಲೆ. “ಎಲೆಯಡಿಕೆಯೋ?” ಎಂದು ಗದರಿದೆ. “ಇಲ್ಲ ಸಾರ್, ವಸಡು” ಎಂದ. ನಾನು ಪುಸ್ತಕದ ಕಡೆಗೆ ತಿರುಗಿದೆ. ಮುಂದಿನ ವಾರದಿಂದ ಅವನು ತರಗತಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಒಂದೊಂದಾಗಿ ಸೊನ್ನೆಗಳನ್ನು ಬರೆಯುತ್ತ ಹೋದೆ.

ಅವನ ತಂದೆ ನಮ್ಮ ಊರಿನ ಸಂತೆಬೀದಿಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡವರು. ಒಂದು ಸಂಜೆ ಅವರು ನನ್ನ ಮನೆಗೆ ಬಂದು, ಕೈಚೀಲದಿಂದ ನಾಲ್ಕೈದು ಹಾಳೆಗಳನ್ನು ತೆಗೆದು ನನ್ನ ಮುಂದೆ ಇಟ್ಟರು. ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ವೈದ್ಯರು ಹೇಳಿದ್ದು ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಮೇಷ್ಟರು ಓದಿದವರು, ಇದನ್ನೂ ಓದಿ ಹೇಳಿಯಾರು ಎಂಬ ನಂಬಿಕೆಯಿಂದ ಬಂದಿದ್ದರು. ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯ ಎಂದು ಮೊದಲನೆಯ ಹಾಳೆ. ಕೊನೆಯ ಹಾಳೆಯಲ್ಲಿ ದಪ್ಪಕ್ಷರಗಳಲ್ಲಿ ‘ಫಿಲಡೆಲ್ಫಿಯ ಪಾಸಿಟಿವ್’, ಅದರ ಕೆಳಗೆ ‘ಹೈ ರಿಸ್ಕ್’.

ತಂದೆ ಆ ದಪ್ಪಕ್ಷರಗಳ ಮೇಲೆ ಬೆರಳಿಟ್ಟು ಕೇಳಿದರು: “ಪಾಸಿಟಿವ್ ಅಂದರೆ ಒಳ್ಳೆಯದಲ್ಲವೆ ಸಾರ್?”

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವನು ನಾನು. ಒಂದು ಶಬ್ದಕ್ಕೆ ಪ್ರಯೋಗದಿಂದ ಪ್ರಯೋಗಕ್ಕೆ ಅರ್ಥ ಬದಲಾಗುತ್ತದೆಂಬುದನ್ನು ವರ್ಷವರ್ಷವೂ ಹೇಳುತ್ತೇನೆ. ಆ ಶಬ್ದಕ್ಕೆ ಆ ಹಾಳೆಯಲ್ಲಿ ಇರುವ ಅರ್ಥ ‘ಇದೆ’ ಎಂದಷ್ಟೇ, ‘ಒಳ್ಳೆಯದು’ ಎಂದಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಿದ್ದೂ, ಆ ಮುಖವನ್ನು ನೋಡಿ, “ಹೌದು, ಒಳ್ಳೆಯದೇ” ಎಂದುಬಿಟ್ಟೆ. ಅವರು ಹಾಳೆಗಳನ್ನು ಜೋಪಾನವಾಗಿ ಮಡಿಸಿಕೊಂಡು ಹೊರಟುಹೋದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಆಡಿದ ಮಾತು ಎಷ್ಟು ಸುಳ್ಳು ಎಂಬುದನ್ನು ತಿಳಿಯಬೇಕೆಂದು ಓದತೊಡಗಿದೆ. ಆ ಓದಿನಿಂದ ನಾನು ಕಂಡುಕೊಂಡದ್ದನ್ನು ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ. ವೈದ್ಯಶಾಸ್ತ್ರದಲ್ಲಿ ನಾನು ಪಾಮರ. ತಿಳಿದವರನ್ನು ಕೇಳಿ, ತಿಳಿದಷ್ಟನ್ನು ಹೇಳುತ್ತೇನೆ.

ಮಜ್ಜೆಯ ಕಥೆ

ನಮ್ಮ ಹಿರಿಯರು ರಕ್ತವನ್ನೂ ಮಜ್ಜೆಯನ್ನೂ ಸಪ್ತಧಾತುಗಳಲ್ಲಿ ಬೇರೆ ಬೇರೆಯಾಗಿ ಎಣಿಸಿದರು. ಎಲುಬಿನ ಒಳಗಿನ ಮಜ್ಜೆಯೇ ರಕ್ತದ ತವರು ಎಂಬುದನ್ನು ಜರ್ಮನಿಯ ಅರ್ನ್‌ಸ್ಟ್ ನಾಯ್ಮನ್ ೧೮೬೮ರಲ್ಲಿ ತೋರಿಸಿಕೊಟ್ಟ. ಅದಕ್ಕೂ ಮೊದಲೇ, ೧೮೪೫ರಲ್ಲಿ, ಬರ್ಲಿನ್ನಿನ ರುಡಾಲ್ಫ್ ವಿರ್ಕೋ ರೋಗಿಯೊಬ್ಬಳ ರಕ್ತದಲ್ಲಿ ಬಿಳಿಯ ಕಣಗಳು ಮಿತಿಮೀರಿ ತುಂಬಿದ್ದುದನ್ನು ವರ್ಣಿಸಿದ್ದ. ಅದೇ ವರ್ಷ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್ ಇಂಥದೇ ರೋಗವನ್ನು ವರದಿ ಮಾಡಿದ. ೧೮೪೭ರಲ್ಲಿ ವಿರ್ಕೋ ಅದಕ್ಕೆ ಗ್ರೀಕ್ ಭಾಷೆಯಿಂದ ಹೆಸರಿಟ್ಟ. ಆ ಹೆಸರಿಗೆ ‘ಬಿಳಿಯ ರಕ್ತ’ ಎಂದಷ್ಟೇ ಅರ್ಥ.

ಆರೋಗ್ಯವಂತನ ಮಜ್ಜೆಯಲ್ಲಿ ಎಳೆಯ ಕಣಗಳು ಹುಟ್ಟಿ, ಬಲಿತು, ತಮ್ಮ ಕೆಲಸಕ್ಕೆ ಹೊರಡುತ್ತವೆ. ತೀವ್ರ ಲ್ಯುಕೀಮಿಯದಲ್ಲಿ ಒಂದು ಎಳೆಯ ಕಣ ಬಲಿಯುವುದನ್ನೇ ಮರೆತು, ತನ್ನಂಥವನ್ನೇ ಹೆರುತ್ತ ಹೋಗುತ್ತದೆ. ಕಳೆ ಗದ್ದೆಯನ್ನು ತುಂಬಿದಂತೆ ಅದರ ಸಂತತಿ ಮಜ್ಜೆಯನ್ನು ತುಂಬುತ್ತದೆ. ಕೆಂಪುಕಣಗಳಿಗೆ ಎಡೆಯಿಲ್ಲ, ಆದುದರಿಂದ ಆಯಾಸ; ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳಿಗೆ ಎಡೆಯಿಲ್ಲ, ಆದುದರಿಂದ ವಸಡಿನಲ್ಲಿ ನೆತ್ತರು. ನನ್ನ ತರಗತಿಯ ಮೂರನೆಯ ಸಾಲಿನಲ್ಲಿ ಈ ಎರಡು ಲಕ್ಷಣಗಳೂ ನನ್ನ ಕಣ್ಣೆದುರಿಗೇ ಇದ್ದವು. ಒಂದನ್ನು ಸೋಮಾರಿತನವೆಂದು ಓದಿದೆ, ಇನ್ನೊಂದನ್ನು ಎಲೆಯಡಿಕೆಯೆಂದು ಓದಿದೆ.

ಈ ರೋಗಕ್ಕೆ ಮದ್ದಿದೆಯೆಂದು ಲೋಕಕ್ಕೆ ಮೊದಲು ಧೈರ್ಯ ಬಂದದ್ದು ೧೯೪೮ರಲ್ಲಿ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯ ಹದಿನಾರು ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು, ಹತ್ತು ಮಕ್ಕಳಲ್ಲಿ ತಾತ್ಕಾಲಿಕವಾದರೂ ನಿಜವಾದ ಸುಧಾರಣೆಯನ್ನು ಕಂಡ. ಆ ಔಷಧವನ್ನು ಅವನಿಗೆ ಒದಗಿಸಿದ ಪ್ರಯೋಗಶಾಲೆಯ ಮುಖ್ಯಸ್ಥರು ಭೀಮವರಂನಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫಾರ್ಬರನ ವರದಿ ಪ್ರಕಟವಾದ ಎರಡು ತಿಂಗಳಿಗೆ, ೧೯೪೮ರ ಆಗಸ್ಟಿನಲ್ಲಿ, ಅವರು ತೀರಿಕೊಂಡರು. ಅದೇ ವಂಶದ ಮೆಥೊಟ್ರೆಕ್ಸೇಟ್ ಇಂದಿಗೂ ನನ್ನ ವಿದ್ಯಾರ್ಥಿಯ ಬೆನ್ನುಹುರಿಯ ಸುತ್ತಲ ದ್ರವಕ್ಕೆ ಸೂಜಿಯಿಂದ ಇಳಿದ ಮದ್ದು.

ಆದರೆ ಆ ಔಷಧಗಳೆಲ್ಲ ಕುರುಡು ಸೈನಿಕರು. ವೇಗವಾಗಿ ಬೆಳೆಯುವ ಕಣ ಯಾವುದಾದರೂ ಸರಿ, ಕೊಲ್ಲುವುದಷ್ಟೇ ಅವುಗಳಿಗೆ ಗೊತ್ತು. ಕೂದಲು ಉದುರುವುದೂ ಬಾಯಿ ಹುಣ್ಣಾಗುವುದೂ ಅದರಿಂದಲೇ. ಮಕ್ಕಳಲ್ಲಿ ಬಹುಮಂದಿಯನ್ನು ಈ ಸೇನೆ ಕ್ರಮೇಣ ಉಳಿಸಿತು. ಆದರೆ ಕೆಲವರಲ್ಲಿ ರೋಗ ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಏಕೆ ಎಂಬುದು ಬಹಳ ಕಾಲ ತಿಳಿಯಲಿಲ್ಲ.

ತಪ್ಪಿ ಕೂಡಿದ ಪದ

೧೯೬೦ರಲ್ಲಿ ಫಿಲಡೆಲ್ಫಿಯ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬ ಇಬ್ಬರು, ಮಂದಗತಿಯ ಇನ್ನೊಂದು ಬಗೆಯ ಲ್ಯುಕೀಮಿಯದ ಕಣಗಳಲ್ಲಿ ಒಂದು ವರ್ಣತಂತು ಇರಬೇಕಾದುದಕ್ಕಿಂತ ಮೋಟಾಗಿರುವುದನ್ನು ಕಂಡರು. ಮನುಷ್ಯನ ಕಣದಲ್ಲಿ ವರ್ಣತಂತುಗಳು ೪೬ ಎಂದು ಖಚಿತವಾದದ್ದೇ ೧೯೫೬ರಲ್ಲಿ. ಆ ಮೋಟು ತಂತುವಿಗೆ ಊರಿನ ಹೆಸರೇ ಬಂತು. ಫಿಲಡೆಲ್ಫಿಯ ಎಂದರೆ ಗ್ರೀಕ್ ಭಾಷೆಯಲ್ಲಿ ಸೋದರಪ್ರೇಮ. ರೋಗಕ್ಕೆ ಇಂಥ ಹೆಸರು ಅಂಟಿಕೊಂಡದ್ದು ಶಬ್ದಗಳ ಲೋಕದ ವಿಚಿತ್ರಗಳಲ್ಲಿ ಒಂದು.

ಮೋಟಾದದ್ದು ಕತ್ತರಿಸಿ ಕಳೆದುಹೋದುದರಿಂದ ಎಂದು ಎಲ್ಲರೂ ತಿಳಿದಿದ್ದರು. ಷಿಕಾಗೋದ ಜಾನೆಟ್ ರೌಲಿ ೧೯೭೩ರಲ್ಲಿ ಅದು ಹಾಗಲ್ಲವೆಂದು ತೋರಿಸಿದರು. ಮನೆಯ ಊಟದ ಮೇಜಿನ ಮೇಲೆ ಅವರು ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಯಿಂದ ಬಿಡಿಸಿ ಜೋಡಿಸುತ್ತಿದ್ದುದನ್ನು ಕಂಡು, ಅಮ್ಮ ಕಾಗದದ ಗೊಂಬೆಯಾಟ ಆಡುತ್ತಾಳೆಂದು ಮಕ್ಕಳು ಪರಿಹಾಸ್ಯ ಮಾಡುತ್ತಿದ್ದರಂತೆ. ಆ ಆಟದಲ್ಲಿ ಕಂಡದ್ದು ಇಷ್ಟು: ೨೨ನೆಯ ತಂತುವಿನ ತುಂಡು ಎಲ್ಲಿಯೂ ಕಳೆದುಹೋಗಿರಲಿಲ್ಲ, ೯ನೆಯ ತಂತುವಿನ ತುದಿಗೆ ಹೋಗಿ ಅಂಟಿಕೊಂಡಿತ್ತು. ಒಂಬತ್ತರ ತುಂಡೊಂದು ಇಪ್ಪತ್ತೆರಡಕ್ಕೆ ಬಂದು ಸೇರಿತ್ತು. ಅದು ಲೋಪವಲ್ಲ, ಅದಲು ಬದಲು.

ಹೀಗೆ ಬಂದು ಸೇರಿದ ಕಡೆಯಲ್ಲಿ ಎರಡು ಬೇರೆ ಬೇರೆ ವಂಶವಾಹಿಗಳು ಬೆಸೆದುಕೊಂಡು ಒಂದಾಗುತ್ತವೆ. ಬಿಸಿಆರ್ ಎಂಬುದು ಒಂದು, ಎಬಿಎಲ್ ಎಂಬುದು ಇನ್ನೊಂದು. ತನ್ನ ಪಾಡಿಗೆ ತಾನಿದ್ದಾಗ ಎಬಿಎಲ್ ಸಾಧು. ಕಣಕ್ಕೆ ‘ಬೆಳೆ’ ಎಂಬ ಸಂಜ್ಞೆಯನ್ನು ಬೇಕಾದಾಗ ಕೊಟ್ಟು, ಬೇಡವಾದಾಗ ಸುಮ್ಮನಿರುವ ಕಿಣ್ವವೊಂದನ್ನು ಅದು ತಯಾರಿಸುತ್ತದೆ. ಬಿಸಿಆರ್‌ಗೆ ಅಂಟಿಕೊಂಡ ಎಬಿಎಲ್‌ಗೆ ಸುಮ್ಮನಿರುವುದು ಮರೆತುಹೋಗುತ್ತದೆ. ಹಗಲೂ ಇರುಳೂ ಅದು ‘ಬೆಳೆ, ಬೆಳೆ’ ಎನ್ನುತ್ತಲೇ ಇರುತ್ತದೆ.

ಇದನ್ನು ಓದಿದಾಗ ನನಗೆ ಹೊಳೆದದ್ದು ಆ ಮಧ್ಯಾಹ್ನ ಅರ್ಧಕ್ಕೆ ನಿಂತ ನನ್ನ ಪಾಠವೇ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡಲಾಗದೆಂದೂ ಹಾಗೆ ಮಾಡಿದರೆ ಅದು ಅರಿಸಮಾಸವೆಂದೂ ನಮ್ಮ ಲಾಕ್ಷಣಿಕರು ಹೇಳುತ್ತಾರೆ. ಅರಿ ಎಂದರೆ ಹಗೆ. ‘ಜಲ’ ಒಳ್ಳೆಯ ಪದ, ‘ಕೊಡ’ ಒಳ್ಳೆಯ ಪದ. ‘ಜಲಕೊಡ’ವೆಂದು ಬರೆದ ವಿದ್ಯಾರ್ಥಿಗೆ ಅಂಕ ಕಳೆಯುತ್ತೇವೆ. ಪದಗಳಲ್ಲಿ ದೋಷವಿಲ್ಲ, ಕೂಡಿದ್ದರಲ್ಲಿ ದೋಷ. ನನ್ನ ವಿದ್ಯಾರ್ಥಿಯ ರಕ್ತದಲ್ಲಿ ನಡೆದದ್ದು ಇಂಥದೇ. ಭೇದವೊಂದುಂಟು: ಭಾಷೆಯ ಅರಿಸಮಾಸಕ್ಕೆ ಬಿರುದಾವಳಿಯಲ್ಲಿಯೂ ಪೂರ್ವಕವಿಗಳ ಪ್ರಯೋಗದಲ್ಲಿಯೂ ವಿನಾಯಿತಿ ಇದೆ. ರಕ್ತದ ಅರಿಸಮಾಸಕ್ಕೆ ಎಲ್ಲಿಯೂ ವಿನಾಯಿತಿಯಿಲ್ಲ.

ಮತ್ತೊಂದು ಮಾತನ್ನು ಇಲ್ಲಿಯೇ ಹೇಳಬೇಕು. ವಂಶವಾಹಿಯ ದೋಷವೆಂದ ಕೂಡಲೆ ಇದು ತಂದೆತಾಯಿಗಳಿಂದ ಬಂದದ್ದೆಂದು ನಮ್ಮ ಜನ ತಿಳಿಯುತ್ತಾರೆ. ಆ ಹುಡುಗನ ತಾಯಿ ತಮ್ಮ ತವರಿನ ಕಡೆಯ ಸಾವುಗಳನ್ನೆಲ್ಲ ಎಣಿಸಿಕೊಂಡು ಅತ್ತರಂತೆ. ಈ ಬೆಸುಗೆ ಹುಟ್ಟಿನಿಂದ ಬಂದದ್ದಲ್ಲ. ಬದುಕಿನ ನಡುವೆ ಎಲ್ಲೋ ಒಂದು ಕಣದಲ್ಲಿ ಆಕಸ್ಮಿಕವಾಗಿ ಆದದ್ದು. ಯಾರ ಪಾಪವೂ ಅಲ್ಲ, ಯಾರ ಕುಲದ ಶಾಪವೂ ಅಲ್ಲ.

ಗುರಿಯಿಟ್ಟ ಮದ್ದು

ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯ ಬಂದ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಲ್ಲಿ ಈ ಫಿಲಡೆಲ್ಫಿಯ ತಂತು ಇರುತ್ತದೆ. ಮಕ್ಕಳಲ್ಲಿ ಅದು ವಿರಳ. ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಆ ರೋಗದ ಬಗೆಗಳಲ್ಲಿ ಇದು ಅತ್ಯಂತ ಕ್ರೂರವಾದದ್ದೆಂದು ಹೆಸರಾಗಿತ್ತು. ಬೇರೆಯವರ ಮಜ್ಜೆಯನ್ನು ಕಸಿಮಾಡಿಸಿಕೊಂಡವರಲ್ಲಿ ಕೆಲವರು ಉಳಿಯುತ್ತಿದ್ದರು. ಕೀಮೊಥೆರಪಿಯೊಂದರಿಂದಲೇ ಬಹುಕಾಲ ಉಳಿದವರು ಐವರಲ್ಲಿ ಒಬ್ಬರಿಗಿಂತಲೂ ಕಡಮೆ. ‘ಹೈ ರಿಸ್ಕ್’ ಎಂಬ ಎರಡು ಪದಗಳ ಹಿಂದೆ ಇದ್ದದ್ದು ಈ ಲೆಕ್ಕ.

ಆ ಲೆಕ್ಕವನ್ನು ಬದಲಾಯಿಸಿದ್ದು ಒಂದು ಮಾತ್ರೆ. ಎಬಿಎಲ್ ಕಿಣ್ವದ ಮೈಯಲ್ಲಿ ಒಂದು ಪುಟ್ಟ ಗೂಡಿದೆ. ಕಣದ ಶಕ್ತಿದ್ರವ್ಯ ಆ ಗೂಡಿನಲ್ಲಿ ಬಂದು ಕೂತರೆ ಮಾತ್ರ ಸಂಜ್ಞೆ ಹೊರಡುತ್ತದೆ. ಆ ಗೂಡಿಗೆ ಸರಿಯಾಗಿ ಹೊಂದುವ ಅಣುವೊಂದನ್ನು ಮೊದಲೇ ಅಲ್ಲಿ ಕೂರಿಸಿಬಿಟ್ಟರೆ? ನಿಕೊಲಸ್ ಲಿಡನ್ ಮತ್ತು ಅವರ ಸಹೋದ್ಯೋಗಿಗಳು ಅಂಥ ಅಣುವನ್ನು ತಯಾರಿಸಿದರು. ಬ್ರಯನ್ ಡ್ರೂಕರ್ ಎಂಬ ವೈದ್ಯ ಅದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ಇಮಾಟಿನಿಬ್ ಎಂಬ ಹೆಸರಿನ ಅದು ೨೦೦೧ರ ಮೇ ತಿಂಗಳಲ್ಲಿ, ಮಂದಗತಿಯ ಲ್ಯುಕೀಮಿಯದ ಮದ್ದಾಗಿ, ಅಮೆರಿಕದಲ್ಲಿ ಅನುಮತಿ ಪಡೆಯಿತು. ತೀವ್ರ ರೂಪದಲ್ಲಿ ಅದೊಂದೇ ಸಾಲದು, ಕೆಲವು ತಿಂಗಳಲ್ಲಿ ರೋಗ ಮರಳುತ್ತದೆ ಎಂಬುದು ಬೇಗನೆ ತಿಳಿಯಿತು. ಕೀಮೊಥೆರಪಿಯ ಜೊತೆಗೆ ಸೇರಿಸಿ ಕೊಟ್ಟಾಗ ಫಲ ಬೇರೆಯಾಯಿತು. ಅಮೆರಿಕದ ಮಕ್ಕಳ ಕ್ಯಾನ್ಸರ್ ಸಂಶೋಧಕರು ೨೦೦೯ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಮಾಟಿನಿಬನ್ನು ಎಡೆಬಿಡದೆ ಪಡೆದ ಒಂದು ಚಿಕ್ಕ ಗುಂಪಿನಲ್ಲಿ ಮೂರು ವರ್ಷ ರೋಗ ಮರಳದೆ ಉಳಿದವರು ನೂರಕ್ಕೆ ೮೦. ಹಿಂದಿನ ಕಾಲದ ಲೆಕ್ಕ ನೂರಕ್ಕೆ ೩೫.

ನಾನು ಬೆಂಗಳೂರಿಗೆ ಹೋದಾಗ ಆ ಹುಡುಗನ ವೈದ್ಯರನ್ನು ಕಂಡು, ತಂದೆಗೆ ಹೇಳಿದ ಸುಳ್ಳನ್ನು ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಇಪ್ಪತ್ತೈದು ವರ್ಷದ ಹಿಂದೆ ಹೇಳಿದ್ದರೆ ಪೂರ್ತಿ ಸುಳ್ಳು. ಈಗ ಅರ್ಧ ನಿಜ. ರೋಗಕ್ಕೆ ಒಂದು ಹಿಡಿ ಇದೆಯೆಂದು ಆ ಹಾಳೆ ಹೇಳುತ್ತದೆ. ಹಿಡಿಯೇ ಇಲ್ಲದ ರೋಗಗಳ ಹತ್ತಿರ ನಮ್ಮ ಕೈ ಜಾರುತ್ತದೆ” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ.

ಹುಡುಗನಿಗೆ ದಿನಕ್ಕೆ ೬೦೦ ಮಿಲಿಗ್ರಾಂ ಇಮಾಟಿನಿಬ್, ಅದರ ಜೊತೆಗೆ ಸ್ಟೆರಾಯ್ಡ್ ಮತ್ತು ಕೀಮೊಥೆರಪಿ ಕೊಟ್ಟರು. ಕಣ್ಣಿನ ಸುತ್ತ ಊತ ಬಂತು, ರಾತ್ರಿಯೆಲ್ಲ ಕಾಲಿನ ಸ್ನಾಯುಗಳು ಸೆಳೆಯುತ್ತಿದ್ದವು. ತಂದೆ ಪಕ್ಕದಲ್ಲಿ ಕುಳಿತು ಒತ್ತುತ್ತಿದ್ದರು. ರೋಗವೆಂದರೇನೆಂದು ಅವರು ನನ್ನನ್ನು ಮತ್ತೆ ಕೇಳಿದಾಗ ಈ ಸಲ ನಾನು ಸುಳ್ಳು ಹೇಳಲಿಲ್ಲ. ಒಂದು ಅಂಗಿಯ ತೋಳನ್ನು ಇನ್ನೊಂದು ಅಂಗಿಯ ಕುತ್ತಿಗೆಗೆ ಹೊಲಿದಂತೆ ಆಗಿದೆ ಎಂದೆ. ಅರಿಸಮಾಸಕ್ಕಿಂತ ಅವರಿಗೆ ಅದು ಬೇಗ ತಿಳಿಯಿತು. “ಹಾಗಾದರೆ ಹೊಲಿಗೆ ಬಿಚ್ಚಿದರಾಯಿತಲ್ಲ ಸಾರ್?” ಎಂದರು. ಹೊಲಿಗೆ ಬಿಚ್ಚುವ ವಿದ್ಯೆ ಈ ಮಾತ್ರೆಗೆ ಗೊತ್ತಿಲ್ಲ. ಆ ತಪ್ಪು ಅಂಗಿಯ ಬಾಯಿ ಮುಚ್ಚಿಸುವುದಷ್ಟೇ ಗೊತ್ತು. ಬಾಯಿ ಮುಚ್ಚಿದ ಕಣ ಬದುಕಲಾರದೆ ಸಾಯುತ್ತದೆ ಎಂದು ವೈದ್ಯರಿಂದ ಕೇಳಿ ತಿಳಿಸಿದೆ. ಅವರು ತಲೆಯಾಡಿಸಿದರು. “ಒಂದೆರಡು ಕಣ ಎಲ್ಲಾದರೂ ಅಡಗಿ ಕೂತರೆ?” ಎಂದರು. ವೈದ್ಯಶಾಸ್ತ್ರದ ಅತಿ ಕಠಿನವಾದ ಪ್ರಶ್ನೆ ಅದು. ಒಬ್ಬ ಹೊಲಿಗೆಯವರು ಅದನ್ನು ಒಂದು ನಿಮಿಷದಲ್ಲಿ ತಲಪಿದ್ದರು.

ಆದೇಶ, ದ್ವಿರುಕ್ತಿ ಮತ್ತು ಇನ್ನುಳಿದವು

ಅಡಗಿ ಕೂತ ಕಣಗಳು ಸುಮ್ಮನಿರುವುದಿಲ್ಲ. ಆ ಕಿಣ್ವದ ೩೧೫ನೆಯ ಸ್ಥಾನದಲ್ಲಿ ಥ್ರಿಯೊನೀನ್ ಎಂಬ ಘಟಕವಿರುತ್ತದೆ. ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾದರೆ ಅಲ್ಲಿಗೆ ಐಸೊಲ್ಯೂಸೀನ್ ಬಂದು ಕೂರುತ್ತದೆ. ಒಂದರ ಸ್ಥಾನಕ್ಕೆ ಇನ್ನೊಂದು ಬರುವುದನ್ನು ನಾವು ಆದೇಶವೆನ್ನುತ್ತೇವೆ. ಈ ಒಂದು ಆದೇಶದಿಂದ ಗೂಡಿನ ಆಕಾರ ಕೆಟ್ಟು ಇಮಾಟಿನಿಬ್ ಹೊರಗುಳಿಯುತ್ತದೆ. ಅದರ ತರುವಾಯ ಬಂದ ದಸಾಟಿನಿಬ್ ಸಹ ಹೊರಗುಳಿಯುತ್ತದೆ. ಅಲ್ಲಿಗೂ ನುಗ್ಗಬಲ್ಲ ಪೊನಾಟಿನಿಬ್ ೨೦೧೨ರಲ್ಲಿ ಬಂತು. ಅದರ ಬಲದೊಡನೆ ಅದರ ಅಪಾಯವೂ ಬಂತು: ಹೃದಯದ, ಮೆದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದು ಕಂಡು ೨೦೧೩ರಲ್ಲಿ ಅಮೆರಿಕದಲ್ಲಿ ಅದರ ಮಾರಾಟವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಎಚ್ಚರಿಕೆಗಳೊಡನೆ ಅದು ಮರಳಿತು. ೨೦೨೪ರಲ್ಲಿ ಹೊಸದಾಗಿ ಈ ರೋಗ ಕಂಡ ವಯಸ್ಕರಿಗೂ ಕೀಮೊಥೆರಪಿಯ ಜೊತೆಯಲ್ಲಿ ಕೊಡಲು ಅಲ್ಲಿ ಅನುಮತಿ ದೊರೆಯಿತು.

ಇನ್ನೊಂದು ಮದ್ದು ಬ್ಲಿನಾಟುಮೊಮಾಬ್. ಅದಕ್ಕೆ ಎರಡು ಕೈ. ಒಂದು ಕೈ ರೋಗದ ಕಣವನ್ನು ಹಿಡಿಯುತ್ತದೆ, ಇನ್ನೊಂದು ನಮ್ಮ ಮೈಯ ರಕ್ಷಕಕಣವನ್ನು ಹಿಡಿದೆಳೆದು ಎದುರಿಗೆ ತಂದು ನಿಲ್ಲಿಸುತ್ತದೆ. ಕೆಟ್ಟ ಸಮಾಸಕ್ಕೆ ಒಳ್ಳೆಯ ಸಮಾಸವೇ ಮದ್ದು ಎಂದು ನನಗೆ ಅನ್ನಿಸಿತು. ಇಟಲಿಯ ವೈದ್ಯರು ೨೦೨೦ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಫಿಲಡೆಲ್ಫಿಯ ತಂತುವಿದ್ದ ೬೩ ಮಂದಿ ವಯಸ್ಕರು. ಅವರಲ್ಲಿ ೮೨ ವರ್ಷದ ವೃದ್ಧರೂ ಉಂಟು. ಅವರಿಗೆ ವಾಡಿಕೆಯ ಕಠೋರ ಕೀಮೊಥೆರಪಿಯನ್ನು ಬಿಟ್ಟು, ಮೊದಲು ಸ್ಟೆರಾಯ್ಡಿನೊಡನೆ ದಸಾಟಿನಿಬ್, ಆಮೇಲೆ ಬ್ಲಿನಾಟುಮೊಮಾಬ್ ಕೊಟ್ಟರು. ಹದಿನೆಂಟು ತಿಂಗಳಾದಾಗ ಬದುಕಿದ್ದವರು ನೂರಕ್ಕೆ ೯೫. ಹಳೆಯ ಲೆಕ್ಕವನ್ನು ಬಲ್ಲವರಿಗೆ ಈ ಸಂಖ್ಯೆಯ ಬೆಲೆ ತಿಳಿದೀತು.

ಎಲ್ಲ ತೀವ್ರ ಲ್ಯುಕೀಮಿಯಗಳಿಗೂ ಇಷ್ಟು ಗೆಲವು ಸಿಕ್ಕಿಲ್ಲ. ಮೈಲಾಯ್ಡ್ ಎಂಬ ಇನ್ನೊಂದು ಜಾತಿಯಲ್ಲಿ, ಎಫ್‌ಎಲ್‌ಟಿ-೩ ಎಂಬ ವಂಶವಾಹಿಯ ಒಂದು ಭಾಗ ಎರಡು ಸಲ ಬರೆದುಕೊಂಡುಬಿಡುವುದುಂಟು. ನಾವು ದ್ವಿರುಕ್ತಿ ಎನ್ನುವುದು ಅದನ್ನೇ. ಮಾತಿನಲ್ಲಿ ದ್ವಿರುಕ್ತಿ ಸಂಭ್ರಮವನ್ನೋ ಕೋಪವನ್ನೋ ಸೂಚಿಸಿದರೆ, ಇಲ್ಲಿ ಅದು ರೋಗದ ವೇಗವನ್ನು ಸೂಚಿಸುತ್ತದೆ. ಜಪಾನಿನಲ್ಲಿ ೧೯೭೭ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ತೆಗೆದ ದ್ರವ್ಯದ ವಂಶದಲ್ಲಿ ಹುಟ್ಟಿದ ಮಿಡೊಸ್ಟಾರಿನ್ ಇದಕ್ಕೆ ೨೦೧೭ರಲ್ಲಿ ಮದ್ದಾಯಿತು. ೭೧೭ ರೋಗಿಗಳ ಪರೀಕ್ಷೆಯಲ್ಲಿ ನಾಲ್ಕು ವರ್ಷ ಬದುಕಿದವರ ಪ್ರಮಾಣ ಕೀಮೊಥೆರಪಿಯೊಂದರಿಂದ ಸುಮಾರು ನೂರಕ್ಕೆ ೪೪, ಇದನ್ನು ಸೇರಿಸಿದಾಗ ಸುಮಾರು ೫೧. ರೋಗ ಮರಳಿದವರಿಗೆಂದು ೨೦೧೮ರಲ್ಲಿ ಬಂದ ಗಿಲ್ಟೆರಿಟಿನಿಬ್ ಮಧ್ಯಮ ಆಯುಸ್ಸನ್ನು ೫.೬ ತಿಂಗಳಿಂದ ೯.೩ ತಿಂಗಳಿಗೆ ಏರಿಸಿತು. ಓದುವವರಿಗೆ ಇದು ಅಲ್ಪವೆನ್ನಿಸಬಹುದು. ಒಂದು ಮದುವೆಯನ್ನು ನೋಡಲೆಂದೋ ಒಂದು ಮಗು ಹುಟ್ಟುವುದನ್ನು ಕಾಣಲೆಂದೋ ಕಾದಿರುವವರಿಗೆ ನಾಲ್ಕು ತಿಂಗಳು ಅಲ್ಪವಲ್ಲ.

ಹಸುಗೂಸುಗಳ ಲ್ಯುಕೀಮಿಯದಲ್ಲಿ ಹೆಚ್ಚಾಗಿ ಕಾಣುವ ಬೆಸುಗೆ ಕೆಎಂಟಿ-೨ಎ ಎಂಬ ವಂಶವಾಹಿಯದು. ಅದು ಮೆನಿನ್ ಎಂಬ ಇನ್ನೊಂದು ಪ್ರೋಟೀನಿನ ಕೈಹಿಡಿದೇ ಕೇಡು ಮಾಡುತ್ತದೆ. ಆ ಕೈಯನ್ನು ಬಿಡಿಸುವ ರೆವ್ಯುಮೆನಿಬ್ ಎಂಬ ಮಾತ್ರೆಗೆ, ರೋಗ ಮರಳಿದ ಅಥವಾ ಮದ್ದಿಗೆ ಬಗ್ಗದ ವಯಸ್ಕರಿಗೂ ಒಂದು ವರ್ಷ ದಾಟಿದ ಮಕ್ಕಳಿಗೂ ಕೊಡಲು, ೨೦೨೪ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಟಿಪಿ-೫೩ ಎಂಬ ಕಾವಲುಗಾರ ವಂಶವಾಹಿಯೇ ಕೆಟ್ಟಿರುವ ಲ್ಯುಕೀಮಿಯದ ಮುಂದೆ ಮಾತ್ರ ಭರವಸೆಯ ಮದ್ದುಗಳು ಒಂದಾದ ಮೇಲೊಂದು ಸೋತಿವೆ. ಅಲ್ಲಿ ಕೇಡು ಮಾಡುವ ಮಾತನ್ನು ತಡೆಯುವುದು ಸಾಲದು. ಕಾಯುವ ಮಾತು ಮೂಕವಾಗಿದೆ, ಅದನ್ನು ಮತ್ತೆ ನುಡಿಸಬೇಕು. ವೈದ್ಯರು ಹೇಳಿದ ಹಿಡಿಯಿಲ್ಲದ ರೋಗ ಅದು.

ಒಂದು ಶಬ್ದದ ಅರ್ಥ

ಗುರಿಯಿಟ್ಟ ಮದ್ದು ಇದೆಯೆಂಬುದು ಒಂದು ಮಾತು; ಅದು ಸಂತೆಬೀದಿಯ ಹೊಲಿಗೆಯಂಗಡಿಯವರೆಗೆ ಬರುತ್ತದೆಯೆಂಬುದು ಇನ್ನೊಂದು ಮಾತು. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಇಮಾಟಿನಿಬ್‌ಗೆ ನಮ್ಮ ದೇಶದಲ್ಲಿ ಒಂದು ತಿಂಗಳಿಗೆ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಆಗುತ್ತಿತ್ತು. ಅದೇ ಅಣುವನ್ನು ಇಲ್ಲಿಯ ಕಂಪನಿಗಳು ಸುಮಾರು ಎಂಟು ಹತ್ತು ಸಾವಿರಕ್ಕೆ ತಯಾರಿಸುತ್ತಿದ್ದವು. ಅದರ ಒಂದು ಸ್ಫಟಿಕರೂಪಕ್ಕೆ ಏಕಸ್ವಾಮ್ಯ ಬೇಕೆಂದು ನೊವಾರ್ಟಿಸ್ ಹೂಡಿದ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಡರೋಗಿಗಳಿಗೆ ತಾವು ಉಚಿತವಾಗಿಯೇ ಕೊಡುತ್ತಿದ್ದೇವೆಂಬುದು ಕಂಪನಿಯವರ ಮಾತಾಗಿತ್ತು.

ಈ ಮೊಕದ್ದಮೆಯ ಹೃದಯದಲ್ಲಿ ಇದ್ದದ್ದು ಒಂದು ಶಬ್ದಾರ್ಥದ ಪ್ರಶ್ನೆ ಎಂಬುದು ನನ್ನಂಥವನಿಗೆ ಬಹು ಸ್ವಾರಸ್ಯವಾಗಿ ಕಂಡಿತು. ಪೇಟೆಂಟ್ ಕಾನೂನಿನ ಮೂರನೆಯ ವಿಧಿಯ ‘ಡಿ’ ಉಪವಿಧಿ, ಗೊತ್ತಿರುವ ದ್ರವ್ಯದ ಹೊಸ ರೂಪಕ್ಕೆ ಹೆಚ್ಚಿನ ‘ಪರಿಣಾಮಕಾರಿತ್ವ’ ಇಲ್ಲದಿದ್ದರೆ ಏಕಸ್ವಾಮ್ಯವಿಲ್ಲ ಎನ್ನುತ್ತದೆ. ಪರಿಣಾಮ ಎಂದರೆ ಏನು? ಚೆನ್ನಾಗಿ ಕರಗುವುದೆ, ತೇವಕ್ಕೆ ಕೆಡದಿರುವುದೆ, ಮೈಗೆ ಹೆಚ್ಚಾಗಿ ಹತ್ತುವುದೆ? ಔಷಧದ ವಿಷಯದಲ್ಲಿ ಆ ಶಬ್ದಕ್ಕೆ ರೋಗವನ್ನು ಗುಣಪಡಿಸುವ ಶಕ್ತಿ ಎಂಬುದೇ ಅರ್ಥ ಎಂದು ನ್ಯಾಯಾಲಯ ೨೦೧೩ರ ಏಪ್ರಿಲ್ ೧ರಂದು ತೀರ್ಪು ಕೊಟ್ಟಿತು. ಏಕಸ್ವಾಮ್ಯ ದೊರೆಯಲಿಲ್ಲ, ಅಗ್ಗದ ಮಾತ್ರೆ ಅಂಗಡಿಗಳಲ್ಲಿ ಉಳಿಯಿತು. ಶಬ್ದದ ಅರ್ಥವನ್ನು ಬಿಗಿಯಾಗಿ ಹಿಡಿಯುವುದರಿಂದ ಏನು ಪ್ರಯೋಜನ ಎಂದು ತರಗತಿಯಲ್ಲಿ ಕೇಳುವವರಿಗೆ ನಾನೀಗ ಈ ಉದಾಹರಣೆಯನ್ನು ಹೇಳುತ್ತೇನೆ. ಅದನ್ನು ಸಡಿಲವಾಗಿ ಹಿಡಿದವನ ಉದಾಹರಣೆಯಾಗಿ ನನ್ನನ್ನೇ ಹೇಳಿಕೊಳ್ಳಬಹುದು.

ಆದರೂ ಆ ಕುಟುಂಬಕ್ಕೆ ಹಗುರವಾಗಲಿಲ್ಲ. ಮಾತ್ರೆ ಅಗ್ಗವಾದರೂ ಪರೀಕ್ಷೆಗಳು ಅಗ್ಗವಲ್ಲ, ಬೆಂಗಳೂರಿನ ವಾಸ ಅಗ್ಗವಲ್ಲ. ಲಕ್ಷಗಟ್ಟಲೆ ಬೆಲೆಯ ಬ್ಲಿನಾಟುಮೊಮಾಬಿನ ಮಾತನ್ನು ಯಾರೂ ಎತ್ತಲಿಲ್ಲ. ಅಣ್ಣನ ಮಜ್ಜೆ ಹೊಂದಲಿಲ್ಲ. ಎರಡೆಕರೆ ಹೊಲವನ್ನು ತಂದೆ ಮಾರಿದರು.

ಹೊಲ ಮಾರಿದ ದಿನ ನಾನು ಅವರ ಅಂಗಡಿಗೆ ಹೋಗಿ ಅಂದಿನ ನನ್ನ ಸುಳ್ಳನ್ನು ಹೇಳಿಕೊಂಡೆ. ಅವರು ಹೊಲಿಗೆಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. “ಆ ದಿನ ನೀವು ಕೆಟ್ಟದ್ದು ಎಂದಿದ್ದರೆ, ಅವನನ್ನು ಅಂದೇ ರಾತ್ರಿ ಬಸ್ಸು ಹತ್ತಿಸಿ ಮನೆಗೆ ಕರೆತಂದುಬಿಡುತ್ತಿದ್ದೆ ಸಾರ್. ಇದ್ದಷ್ಟು ದಿನ ಮನೆಯಲ್ಲಿರಲಿ ಎಂದು” ಎಂದರು. ನನಗೆ ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ಅಜ್ಞಾನದಿಂದ ಆಡಿದ ಸುಳ್ಳು ಒಳ್ಳೆಯ ಫಲ ಕೊಟ್ಟರೆ ಅದು ನಿಜವಾಗುವುದಿಲ್ಲ. ಅಂದು ನಾನು ಓದಿಕೊಂಡಿದ್ದರೆ, ‘ಕಷ್ಟದ ರೋಗ, ಆದರೆ ಇದಕ್ಕೆ ಮದ್ದಿದೆ’ ಎಂಬ ನಿಜವನ್ನೇ ಹೇಳಬಹುದಾಗಿತ್ತು. ಆ ನಿಜವೂ ಅವನನ್ನು ಆಸ್ಪತ್ರೆಯಲ್ಲಿಯೇ ಉಳಿಸುತ್ತಿತ್ತು.

ಮೂರು ತಿಂಗಳಿಗೊಮ್ಮೆ ಅವನ ರಕ್ತದಲ್ಲಿ ಆ ಬೆಸುಗೆಯನ್ನು ಹುಡುಕುತ್ತಾರೆ. ಈವರೆಗಿನ ಹಲವು ಪರೀಕ್ಷೆಗಳಲ್ಲಿ ಅದು ಕಂಡಿಲ್ಲ. ಮಾತ್ರೆ ನಿಂತಿಲ್ಲ, ಯಾವಾಗ ನಿಲ್ಲಿಸಬಹುದೆಂಬುದಕ್ಕೆ ವೈದ್ಯರು ಅವಸರದ ಉತ್ತರ ಕೊಡು­ವುದಿಲ್ಲ. ಒಂದು ವರ್ಷ ತಡವಾಗಿ ಬಿ.ಎ. ಮುಗಿಸಿದ ಅವನು ಈಗ ಎಂ.ಎ. ಓದುತ್ತಿದ್ದಾನೆ. ಅವನ ಒಪ್ಪಿಗೆಯಿಲ್ಲದೆ ಇದನ್ನು ಪ್ರಕಟಿಸುವುದು ಸರಿಯಲ್ಲವೆಂದು ಹಸ್ತಪ್ರತಿಯನ್ನು ಅವನಿಗೆ ಕೊಟ್ಟೆ. ಎರಡು ದಿನದ ಮೇಲೆ ತಂದುಕೊಟ್ಟು, ಎರಡು ತಿದ್ದುಪಡಿ ಹೇಳಿದ.

“ಕುಂಭಕರ್ಣ ಎಂದಾಗ ತರಗತಿ ನಕ್ಕಿತು ಎಂದು ಬರೆದಿದ್ದೀರಿ. ನಾನೂ ನಕ್ಕಿದ್ದೆ ಸಾರ್.”

ಎರಡನೆಯದು ವ್ಯಾಕರಣದ್ದು. ಕೊನೆಯಲ್ಲಿ ನಾನು ‘ಅವನಿಗೆ ಗುಣವಾಯಿತು’ ಎಂದು ಬರೆದಿದ್ದೆ. ಅದು ಭೂತಕಾಲ. ಅವನು ಅದನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಮೇಲೆ ತನ್ನ ಅಂದವಾದ ಅಕ್ಷರದಲ್ಲಿ ‘ಗುಣವಾಗುತ್ತಿದೆ’ ಎಂದು ಬರೆದಿದ್ದ. ತಿದ್ದುಪಡಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.